ಸಿಲಿಂಡರಿನ ಕೆಂಪು ಗೆರೆ

ಆಯುಧಪೂಜೆ ಕಳೆದ ಮೂರನೆಯ ದಿನ ಬೆಳಿಗ್ಗೆ, ನನ್ನ ತಂಗಿ ಸುಮಲತಾಳ ಮಗ ನಿತಿನ ತೀರಿಹೋದನೆಂಬ ಸುದ್ದಿ ಬಂತು. ಅವನೂ ಅಂಕೋಲೆಯ ಗೆಳೆಯ ಕಿಶನನೂ ಚಿತ್ತಾಕುಲದಲ್ಲಿ ಪೇಂಟ್‌ಬಾಲ್ ಮೈದಾನ ನಡೆಸುತ್ತಿದ್ದರು. ಬಣ್ಣದ ಗುಂಡು ಹಾರಿಸುವ ಬಂದೂಕಿನಿಂದ ಗ್ಯಾಸಿನ ಪುಟ್ಟ ಸಿಲಿಂಡರನ್ನು ಬಿಚ್ಚುವಾಗ ಅದು ಸಿಡಿದು ಹಾರಿ ಅವನ ಎದೆಗೆ ಬಡಿದಿತ್ತು.

ನೆರೆಮನೆಯ ಪೂರ್ಣಿಮಾಬಾಯಿಯನ್ನು ಕರೆದೊಯ್ದೆ. ಕಾರವಾರದಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವರು. ಊರಿನ ಗುಟ್ಟುಗಳನ್ನು ಅವರು ಬಿಡಿಸುವಾಗ ಚೀಲ ಹಿಡಿದು ಹಿಂದೆ ನಡೆಯುವವನು ನಾನು.

ಅವನಿಗೆ ಬಡಿದು ಮುಂದೆ ಹಾರಿದ ಸಿಲಿಂಡರು ಮೈದಾನದ ಚಿರೆಕಲ್ಲಿನ ಗೋಡೆಯಲ್ಲಿ ಅರ್ಧ ಹೂತಿತ್ತು. ಬಿಸಿಲಲ್ಲೂ ಅದಕ್ಕೆ ಹಿಮ ಕಟ್ಟಿತ್ತಂತೆ. ತಂಬಿಗೆಯಷ್ಟು ಪಾತ್ರೆಯಲ್ಲಿ ನೀರಿನಂತೆ ಸುಮ್ಮನಿದ್ದ ಗ್ಯಾಸಿಗೆ ಇಷ್ಟು ಬಲವೇ ಎಂದು ನನ್ನ ಕೈಗಳು ತಾವಾಗಿ ಮುಗಿದವು.

ಪೊಲೀಸರ ಕಣ್ಣು ಕಿಶನನ ಮೇಲಿತ್ತು. ಗ್ಯಾಸು ಬಿಟ್ಟು ಒತ್ತಿದ ಗಾಳಿಯ ಸಿಲಿಂಡರು ತರೋಣವೆಂದು ನಿತಿನ, ಬೇಡವೆಂದು ಕಿಶನ ಜಗಳವಾಡಿದ್ದರು. ಅಂದು ಗ್ಯಾಸು ತುಂಬಿದವನೂ ಕಿಶನನೇ. ಬೇಕೆಂದೇ ಹೆಚ್ಚು ತುಂಬಿದ್ದಾನೆ ಎಂಬುದು ಅಧಿಕಾರಿಯ ತೀರ್ಮಾನ.

ಬೇರೆ ಬಿದ್ದಿದ್ದ ವಾಲ್ವನ್ನು ಪೂರ್ಣಿಮಾಬಾಯಿ ತಿರುಗಿಸಿ ನೋಡಿದರು. ಅದರಲ್ಲಿನ ಕಾಗದದಷ್ಟು ತೆಳುವಾದ ತಾಮ್ರದ ಬಿಲ್ಲೆ ಹರಿದಿರಲಿಲ್ಲ. ಮೇಲಿದ್ದ ಕೆಂಪು ಗುರುತನ್ನು ಮುಟ್ಟಿದಾಗ ಬೆರಳು ಕೆಂಪಾಯಿತು. ನಿತಿನನ ಮನೆಯಿಂದ ಇನ್ನೊಂದು ಸಿಲಿಂಡರು ತರಿಸಿದರು. ಅದರ ಗೆರೆ ದೋಣಿಗೆ ಬಳಿಯುವ ಬಣ್ಣದ್ದು, ಉಗುರಿನಿಂದ ಕೆರೆದರೂ ಏಳಲಿಲ್ಲ.

"ಇದಕ್ಕೆ ಪೂಜೆ ಆಗ್ಲಿಲ್ವಾ, ಜಟ್ಟಪ್ಪಣ್ಣ?" ಎಂದು ನನ್ನನ್ನು ಕೇಳಿದರು.

"ಅದು ಮನೇಲಿತ್ತು, ಬಾಯಿ. ಇಲ್ಲಿದ್ದದ್ದೆಲ್ಲ ನಾನೇ ತೊಳೆದೆ. ಬೋಟಿನ ಎಂಜಿನ್ ತೊಳೆದ ಹಾಗೇ ಸೀಮೆಎಣ್ಣೆ ಹಾಕಿ ತಿಕ್ಕಿ, ಹೋದ ವರ್ಷದ ಕುಂಕುಮ ತೆಗೆದು ಅಲ್ಲೇ ಹೊಸದು ಎಣ್ಣೆಯಲ್ಲಿ ಕಲಸಿ ಎಳೆದೆ. ಒಂದರ ಗೆರೆ ಸೊಟ್ಟಗಿತ್ತು, ನೇರ ಮಾಡಿದೆ."

ಬೇರೆ ದಿನವಾಗಿದ್ದರೆ, ನಿಮ್ಮಿಂದ ದೇವರಿಗೂ ಪುರುಸೊತ್ತಿಲ್ಲ ಎಂದು ಚುಚ್ಚುತ್ತಿದ್ದರು. ಅಂದು ವಾಲ್ವನ್ನು ಮೆಲ್ಲಗೆ ಕೆಳಗಿಟ್ಟರು.

ಮಾರನೆಯ ಸಂಜೆ ಅಧಿಕಾರಿ, ಕಿಶನ, ಸುಮಲತಾ, ನಾನು ಮೈದಾನದಲ್ಲಿ ಸೇರಿದೆವು. ಬಾಯಿ ನಿಧಾನವಾಗಿ ವಿವರಿಸಿದರು. ಗ್ಯಾಸು ಹೆಚ್ಚಾಗಿದ್ದರೆ ಮೊದಲು ಆ ಬಿಲ್ಲೆ ಹರಿದು ಗ್ಯಾಸು ಹೊರಗೆ ಹೋಗಬೇಕಿತ್ತು. ಆದ್ದರಿಂದ ಕಿಶನ ಅಳತೆಗೆ ಸರಿಯಾಗಿಯೇ ತುಂಬಿದ್ದ. ಸಿಡಿದದ್ದಕ್ಕೆ ಕಾರಣ ಸಡಿಲಾದ ವಾಲ್ವು. ಬಂದೂಕಿನಿಂದ ಸಿಲಿಂಡರನ್ನು ಬಿಚ್ಚಲು ತಿರುಗಿಸಿದಾಗ ವಾಲ್ವೇ ಸಿಲಿಂಡರಿನಿಂದ ಬಿಚ್ಚಿಕೊಂಡಿತ್ತು.

"ಇದು ಆಗಬಾರದು ಅಂತಲೇ ನಿತಿನ ವಾಲ್ವಿಂದ ಸಿಲಿಂಡರಿನವರೆಗೆ ಬಣ್ಣದ ಒಂದೇ ಗೆರೆ ಎಳೆದಿದ್ದ. ವಾಲ್ವು ಸಡಿಲಾದರೆ ಗೆರೆ ತುಂಡಾಗಿ ಕಾಣ್ತದೆ. ಆಗ ಮುಟ್ಟಬಾರದು. ತುಂಡಾದ ಗೆರೆಯನ್ನು ಯಾರೋ ಅಳಿಸಿ ನೇರ ಮಾಡಿದರು. ನಿತಿನ ಅದನ್ನು ನಂಬಿದ."

ಯಾರು ಎಂದು ಅಧಿಕಾರಿ ಕೇಳಿದರು. ಕಿಶನ ನೆಲ ನೋಡುತ್ತಿದ್ದ.

"ನಾನು," ಎಂದೆ.

ಕಿಶನ ಮೆಲ್ಲಗೆ ಹೇಳಿದ: "ನೀವು ತೊಳೀತಿದ್ದದ್ದು ನೋಡಿದ್ದೆ, ಮಾಮಾ. ನಿತಿನ ಹೋದ್ಮೇಲೆ ಎಲ್ಲ ಗೊತ್ತಾಯ್ತು. ಹ್ಯಾಂಗೆ ಹೇಳೂದು?"

"ಜೈಲಿಗೆ ಹೋಗ್ತಿದ್ದೆಯಲ್ಲೋ."

"ನಂಗೂ ನೀವು ಮಾಮಾನೇ ಅಲ್ದಾ."

ಸುಮಲತಾ ಎದ್ದು ಬಂದು ನನ್ನ ಪಕ್ಕ ಕೂತಳು. ಪುಟ್ಟ ಪಾತ್ರೆಯೊಳಗಿನ ಬಲಕ್ಕೆ ಕೈಮುಗಿದಿದ್ದ ನಾನು, ಕಿಶನನ ಎದೆಯೊಳಗಿದ್ದ ಬಲದ ಮುಂದೆ ತಲೆಬಾಗಿದೆ.

ನಾರಾಯಣಾ, ನಾನೆಳೆದ ಗೆರೆಯನ್ನು ನಂಬಿ ಹೋದ ಆ ಜೀವಕ್ಕೆ ನಿನ್ನ ಪಾದದಲ್ಲಿ ಶಾಂತಿ ಕೊಡು.