ಒಂದೇ ನಂಬರಿನ ಎರಡು ಸ್ಕೂಟರು

1997ರ ಸೆಪ್ಟೆಂಬರ್ 10, ಸಂಜೆ 5.15. ಶಾಲಾ ಮೇಷ್ಟರು ಶ್ರೀಕಂಠಯ್ಯ ಪಾಂಡವಪುರ ಠಾಣೆಗೆ ಬಂದು, ಅಂಚೆಯಲ್ಲಿ ಬಂದಿದ್ದ ದಂಡದ ನೋಟೀಸನ್ನು ಸಬ್‌ಇನ್ಸ್‌ಪೆಕ್ಟರ್ ದೇವಯ್ಯನವರ ಮೇಜಿನ ಮೇಲಿಟ್ಟರು.

ಆಗಸ್ಟ್ 18, ಸೋಮವಾರ ಬೆಳಗ್ಗೆ 11.20ಕ್ಕೆ ಶ್ರೀರಂಗಪಟ್ಟಣದಲ್ಲಿ ಪೊಲೀಸರು ಕೈ ಅಡ್ಡ ಹಿಡಿದರೂ ಸ್ಕೂಟರ್ ನಿಲ್ಲಿಸಲಿಲ್ಲ ಎಂಬುದು ಆರೋಪ. ನಂಬರು ಮೇಷ್ಟರದೇ.

"ದಂಡ ಕಟ್ಟಿ ಕೈ ತೊಳ್ಕೊಳ್ಳಿ ಮೇಷ್ಟ್ರೇ."

"ಕಟ್ಟಿದ್ರೆ ಒಪ್ಕೊಂಡ ಹಾಗಾಗುತ್ತೆ. ಆ ಹೊತ್ತಲ್ಲಿ ನಾನು ಹಾಜರಿ ಹಾಕಿ ಪಾಠ ಮಾಡ್ತಿದ್ದೆ. ನೋಟೀಸು ಶಾಲೆ ವಿಳಾಸಕ್ಕೆ ಬಂತು, ಹೆಡ್‌ಮಾಸ್ಟರು ಒಡೆದು ನೋಡಿದ್ರು. ಆಗಸ್ಟ್ 18ಕ್ಕೆ ಅವರು ಮೀಟಿಂಗಿಗೆ ಹೋಗಿದ್ರು, ನಾನು ಕ್ಲಾಸಲ್ಲಿದ್ದದ್ದು ನೋಡಿಲ್ಲ. ಸುಳ್ಳು ಹಾಜರಿ ಅಂತ ಮೇಲಕ್ಕೆ ಬರೆದಿದ್ದಾರೆ. ನವೆಂಬರಿಗೆ ನನ್ನ ರಿಟೈರ್‌ಮೆಂಟು. ವಿಚಾರಣೆ ಶುರುವಾದ್ರೆ ಪಿಂಚಣಿ ನಿಂತುಹೋಗುತ್ತೆ."

ಮೇಷ್ಟರ ನಂಬರನ್ನು ಬೇರೆ ಯಾರೋ ಹಾಕಿಕೊಂಡಿದ್ದಾರೆ ಎಂದು ದೇವಯ್ಯ ಎಫ್‌ಐಆರ್ ಬರೆಸಿದರು.

ಮರುದಿನ ಶ್ರೀರಂಗಪಟ್ಟಣದಲ್ಲಿ, ಅಂದು ಕೈ ಅಡ್ಡ ಹಿಡಿದಿದ್ದ ಕಾನ್‌ಸ್ಟೆಬಲ್ ನಾಗರಾಜುವನ್ನು ಕರೆಸಿ ಅವನ ನೋಟ್‌ಪುಸ್ತಕ ನೋಡಿದರು. ನಂಬರಿನ ಪಕ್ಕ ಬರೆದಿತ್ತು: ಹಿಂದೆ ಎರಡು ಡಬ್ಬ, ಒದ್ದೆ ಗೋಣಿ.

"ಹಾಲಿನೋನು ಇರ್ಬೇಕು ಸಾ."

"ಹಾಲಿಗೆ ಯಾವನ್ಲಾ ಒದ್ದೆ ಗೋಣಿ ಸುತ್ತೋನು? ಬೆಣ್ಣೆ ಕಣ್ಲಾ ಅದು. ಬಿಸ್ಲಿಗೆ ಕರಗ್ಬಾರ್ದು ಅಂತ."

ದೇವಯ್ಯನವರ ತಾಯಿ ಸಂತೆಗೆ ಬೆಣ್ಣೆ ಒಯ್ಯುತ್ತಿದ್ದುದೂ ಹಾಗೆಯೇ.

ಇಬ್ಬರೂ ಊರಿನ ದೋಸೆ ಹೋಟೆಲುಗಳನ್ನು ಸುತ್ತಿದರು. ಮೂರನೆಯ ಹೋಟೆಲಿನ ಮಾಲೀಕ ಹೆಂಚಿನಿಂದ ಕಣ್ಣು ತೆಗೆಯದೆ ಹೇಳಿದ: "ಬೂಕನಕೆರೆ ನಿಂಗರಾಜು. ಸೋಮ್ವಾರ ಸೋಮ್ವಾರ ತಂದಾಕ್ತಾನೆ."

ಸೆಪ್ಟೆಂಬರ್ 15, ಸೋಮವಾರ, 11.05. ಒದ್ದೆ ಗೋಣಿಯ ಡಬ್ಬಗಳ ಸ್ಕೂಟರು ಹೋಟೆಲಿನ ಮುಂದೆ ನಿಂತಿತು. ಇಪ್ಪತ್ತೆರಡರ ನಿಂಗರಾಜು ಓಡಲಿಲ್ಲ. ಪಂಚರ ಎದುರು ನಂಬರ್ ಪ್ಲೇಟು ಬಿಚ್ಚಿ ಪಂಚನಾಮೆ ಬರೆದರು. ಬೆಣ್ಣೆಯನ್ನು ಹೋಟೆಲಿಗೆ ಇಳಿಸಲು ಬಿಟ್ಟರು.

"ಗಾಡಿ ಎಲ್ಲೀದ್ಲಾ?"

"ಮೈಸೂರು ಗುಜರೀಲಿ ತಕೊಂಡೆ ಸಾ. ಕಾಗ್ದ ಇಲ್ಲ."

"ಊರಲ್ಲಿರೋ ನಂಬರೆಲ್ಲ ಬುಟ್ಟು ಮೇಷ್ಟ್ರುದೇ ಯಾಕ್ಲಾ?"

"ಅವ್ರು ಮೊದ್ಲು ನಮ್ಮೂರ್ ಸ್ಕೂಲಲ್ಲಿದ್ರು ಸಾ. ಏಳ್ನೇ ಕ್ಲಾಸಲ್ಲಿ ದಿನಾ ಅವ್ರ ಗಾಡಿ ಒರೆಸ್ತಿದ್ದೆ, ನಂಬರು ಬಾಯಿಗೇ ಬತ್ತಿತ್ತು. ಮೇಷ್ಟ್ರು ಒಂದಿನಾನೂ ತಪ್ಪು ಮಾಡ್ದೋರಲ್ಲ. ಅವ್ರ ನಂಬರ್ ಆಕೊಂಡ್ರೆ ಯಾರೂ ಅಡ್ಡಾಕಲ್ಲ ಅಂದ್ಕೊಂಡೆ."

"ಅಡ್ಡ ಹಾಕಿದ್ರಲ್ಲ?"

"ಅದ್ಕೇ ನಿಲ್ಲಿಸ್ನಿಲ್ಲ ಸಾ."

ನಾಗರಾಜು ನಕ್ಕು, ಸಾಹೇಬರ ಮುಖ ನೋಡಿ ಸುಮ್ಮನಾದ. ನಿಂಗರಾಜು ತಲೆ ಬಗ್ಗಿಸಿ ಕೇಳಿದ: "ಮೇಷ್ಟ್ರಿಗೆ ಇದು ಗೊತ್ತಾಯ್ತದಾ ಸಾ?"

"ಕಂಪ್ಲೇಂಟ್ ಕೊಟ್ಟಿರೋದೇ ಅವ್ರು."

ಅವನು ಹೇಳಿಕೆಗೆ ಸಹಿ ಹಾಕಿದ. ಅಕ್ಷರ ದುಂಡಗಿತ್ತು.

ದಂಡದ ನೋಟೀಸು ರದ್ದಾಯಿತು. ಠಾಣೆಯ ಪತ್ರ ತಲುಪಿದ ಮೇಲೆ ಶಾಲೆಯ ದೂರೂ ಮುಗಿಯಿತು. ನವೆಂಬರ್ 30ಕ್ಕೆ ಶ್ರೀಕಂಠಯ್ಯ ನಿವೃತ್ತರಾದರು, ಪಿಂಚಣಿ ನಿಲ್ಲಲಿಲ್ಲ.

1998ರ ಜನವರಿ 12ರಂದು ನಿಂಗರಾಜುವಿನ ಪ್ರಕರಣ ಕೋರ್ಟಿನಲ್ಲಿ ವಿಚಾರಣೆಗೆ ಬಂತು. ಒಂದನೇ ಸಾಕ್ಷಿಯಾಗಿ ಶ್ರೀಕಂಠಯ್ಯನವರ ಹೆಸರು ಕೂಗಿದರು. ನಿಂಗರಾಜು ಒರೆಸುತ್ತಿದ್ದ ಸ್ಕೂಟರನ್ನು ಮನೆಯಲ್ಲೇ ಬಿಟ್ಟು ಅವರು ಬಸ್ಸಿನಲ್ಲಿ ಬಂದಿದ್ದರು.