ಮಾವಿನ ಬುಡದ ಹಾಲು

"ನರ್ಸಮ್ಮಾ, ನಮ್ಮೆಜಮಾನ್ರನ್ನ ಮಧ್ಯಾಹ್ನ ಜೀಪಲ್ಲಿ ಕೋಲಾರಕ್ಕೆ ತಗೊಂಡೋಗ್ತಾರಂತೆ! ಅಲ್ಲಿಗೆ ಹೋದೋರು ವಾಪಸ್ ಬರ್ತಾರಾ? ಆಯಪ್ಪ ಕೊಲೆ ಮಾಡಿಲ್ಲ ತಾಯಿ, ನನ್ನ ತಾಳಿ ಆಣೆಗೂ ಮಾಡಿಲ್ಲ!"

ಬೈರಮ್ಮ ಕೂಗಿದ ರಭಸಕ್ಕೆ ಬಾಗಿಲಲ್ಲಿ ನಿಂತಿದ್ದ ಜಟಕಾದ ಕುದುರೆ ಮೂರು ಮಾರು ಹಿಂದಕ್ಕೆ ಹಾರಿತು, ಎದುರುಮನೆ ಸೂರಿನಿಂದ ನಾಲ್ಕು ಹೆಂಚು ಉದುರಿದವು. ಜಟಕಾ ಹೊಡೆಯುವ ನಬೀ ಸಾಬ ಅದನ್ನು ಕಣ್ಣಾರೆ ಕಂಡ. ಅದೇ ದಿನ ಎಂದಿನಂತೆ ಬಸ್ ಸ್ಟ್ಯಾಂಡಿನಲ್ಲಿ ಕತೆ ಮಾಡಿ ಹೇಳಿದ್ದರೆ ಹೆಂಚುಗಳು ನಲವತ್ತಾಗುತ್ತಿದ್ದವು. ಆದರೆ ಅಂದಿನ ಕತೆಯನ್ನು ಅವನು ಅಲ್ಲಿ ಹೇಳಲಿಲ್ಲ.

ನಬೀ ಸಾಬನಿಗೆ ಇಬ್ಬರೇ ಯಜಮಾನರು: ಒಂದು ಆ ಮುದಿ ಕುದುರೆ, ಇನ್ನೊಬ್ಬರು ಗಂಗರತ್ನಮ್ಮ. ಮೂವತ್ತೊಂದು ವರ್ಷ ಸರ್ಕಾರಿ ಹೆರಿಗೆ ನರ್ಸಾಗಿದ್ದು ನಿವೃತ್ತರಾದ ಆಕೆಯ ಅಂಗೈಯನ್ನು ಮೊದಲು ಮುಟ್ಟದೆ ಭೂಮಿಗೆ ಬಂದ ತಲೆ ಇಡೀ ಶ್ರೀನಿವಾಸಪುರದಲ್ಲಿ ಒಂದೂ ಇರಲಿಲ್ಲ. ಹೆರಿಗೆಗೆ ಹೋದ ಮನೆಯ ಅಡುಗೆಕೋಣೆ, ಅಟ್ಟ, ಅತ್ತೆ-ಸೊಸೆಯರ ಮನಸ್ಸು, ಎಲ್ಲವನ್ನೂ ನೋಡಿ ನೋಡಿ ಆಕೆಯ ಕಣ್ಣು ಎಂಥದಾಗಿತ್ತೆಂದರೆ, ಕಳೆದುಹೋದ ಮೂಗುಬೊಟ್ಟಿನಿಂದ ಹಿಡಿದು ಲಕ್ಕೂರಿನ ವಿಷದ ಪಾಯಸದವರೆಗೆ ಪೊಲೀಸರು ಕೈಚೆಲ್ಲಿದ್ದನ್ನೆಲ್ಲ ಅವರೇ ಬಿಡಿಸಿದ್ದರು. ಪ್ರತಿ ಸಲವೂ ಜಟಕಾ ಹೂಡಿದವನು ನಬೀ ಸಾಬ.

"ಮೊದಲು ನೀರು ಕುಡಿ ಬೈರಮ್ಮ," ಎಂದರು ಗಂಗರತ್ನಮ್ಮ. "ಆಮೇಲೆ ಹೇಳು. ಸತ್ತೋರು ಯಾರು?"

"ಪಕ್ಕದ ಮನೆ ಕೋದಂಡರಾಮಪ್ಪನೋರು. ಅವ್ರ ಮರದ ಬುಡದಲ್ಲೇ."

ಆ ಮರವನ್ನು ಅರಿಯದವರು ಯಾರು! ಕೋದಂಡರಾಮಪ್ಪನ ಹಿತ್ತಿಲ ನಾಟಿ ಮಾವು ಎಲೆ ಉದುರಿಸಿದರೆ ಮುಳಬಾಗಿಲಿನವರು ಕಸ ಗುಡಿಸಬೇಕು, ಅಷ್ಟು ದೊಡ್ಡದು. ಅದರ ಬೇರು ಬೈರಮ್ಮನ ಗಂಡ ಸೊಣ್ಣಪ್ಪನ ಗೋಡೆಯನ್ನು ಸೀಳಿತ್ತು. ಕೊಂಬೆ ಅವನ ಮಾಳಿಗೆಯನ್ನು ಮುಚ್ಚಿ ಹಗಲಲ್ಲೇ ದೀಪ ಹಚ್ಚುವಂತೆ ಮಾಡಿತ್ತು. ಹನ್ನೆರಡು ವರ್ಷ ಕೋರ್ಟು ನಡೆದು, ಮೂವರು ಮುನ್ಸೀಫರು ವರ್ಗವಾಗಿ, ಎರಡೂ ಕಡೆಯ ವಕೀಲರ ತಲೆ ನೆರೆತು ಬೋಳಾಗಿತ್ತು. ಮರದ ಒಂದು ರೆಂಬೆಯೂ ಅಲುಗಿರಲಿಲ್ಲ. ಎರಡು ಮನೆಗಳ ನಡುವೆ ಮಾತು ನಿಂತೂ ಹನ್ನೆರಡು ವರ್ಷ.

ಈ ವರ್ಷ, ಎಪ್ಪತ್ತೊಂಬತ್ತರ ಆಷಾಢದ ಗಾಳಿಗೆ, ಒಂದು ಕೊಂಬೆ ಮುರಿದು ಸೊಣ್ಣಪ್ಪನ ಜಗಲಿಯ ಮೇಲೆ ಬಿತ್ತು. ಅಲ್ಲಿ ಆಡುತ್ತಿದ್ದ ಅವನ ಮೊಮ್ಮಗಳ ಕಾಲು ಎರಡು ಕಡೆ ಮುರಿಯಿತು. "ಆ ಮುದುಕನ ತಲೆ ಒಡೀದಿದ್ರೆ ನಾನು ಸೊಣ್ಣಪ್ಪನೇ ಅಲ್ಲ," ಎಂದು ಅವನು ಬೀದಿಯಲ್ಲಿ ನಿಂತು ಕೂಗಿದ್ದನ್ನು ಇಡೀ ಊರು ಕೇಳಿತ್ತು. ಶ್ರಾವಣದ ಮೊದಲ ವಾರ ಮುದುಕನ ತಲೆ ನಿಜವಾಗಿಯೂ ಒಡೆದಿತ್ತು.

"ನಿನ್ನೆ ಸಂಜೆ ಕೋದಂಡರಾಮಪ್ಪನೋರೇ ಗೋಡೆ ಹತ್ರ ಕರೆದ್ರಂತಮ್ಮ," ಎಂದಳು ಬೈರಮ್ಮ. "'ಸೊಣ್ಣಾ, ಬೆಳಿಗ್ಗೆ ಗರಗಸ ತಗೊಂಡು ಬಾ, ಮರ ತೆಗೆದುಬಿಡೋಣ' ಅಂದ್ರಂತೆ. ಇವರು ಹೋಗಿ ನೋಡಿದ್ರೆ ಆವಪ್ಪ ಬಿದ್ದಿದ್ರು. ಅಷ್ಟೊತ್ತಿಗೆ ಅವ್ರ ಹೆಂಡ್ತಿ ಅನಸೂಯಮ್ಮ ಹೊರಗೆ ಬಂದು ಕಿರುಚಿದ್ಲು. ಮರ ತೆಗೆಯೋಕೆ ಅವರೇ ಒಪ್ಪಿದ್ರು ಅಂದ್ರೆ ಯಾರೂ ನಂಬ್ತಿಲ್ಲ."

ಗಂಗರತ್ನಮ್ಮ ಕನ್ನಡಕ ಹಾಕಿಕೊಂಡರು. "ನಬೀ, ಗಾಡಿ ಕಟ್ಟು."

* * *

ಹಿತ್ತಿಲಲ್ಲಿ ಸಬ್ ಇನ್ಸ್‌ಪೆಕ್ಟರ್ ಸುಬ್ಬರಾಯಪ್ಪ ಪಂಚನಾಮೆ ಬರೆಸುತ್ತಿದ್ದ. ಅವನ ಮಗಳು ಕಾಲು ಮುಂದಾಗಿ ಹುಟ್ಟಿದಾಗ ತಾಯಿ-ಮಗು ಇಬ್ಬರನ್ನೂ ಉಳಿಸಿದವರು ಗಂಗರತ್ನಮ್ಮನೇ. ಆದ್ದರಿಂದ ಅವನು ಎದ್ದು ನಿಂತನೇ ಹೊರತು ಮುಖ ಸಡಿಲಿಸಲಿಲ್ಲ.

"ಅಮ್ಮ, ಇದ್ರಲ್ಲಿ ನೋಡೋಕೆ ಏನೂ ಇಲ್ಲ. ಹನ್ನೆರಡು ವರ್ಷ ಮಾತಾಡದೋನು ಮರ ಕಡಿ ಬಾ ಅಂತ ಕರೀತಾನಾ? ಕಳ್ಳತನದಲ್ಲಿ ಕಡಿಯೋಕೆ ಬಂದ, ಯಜಮಾನ್ರು ತಡೆದ್ರು, ಕೊಡಲಿ ಹಿಂಭಾಗದಿಂದ ಬಿಟ್ಟ."

"ಇರ್ಲಪ್ಪ. ಮುದುಕಿ ಬಂದಿದ್ದೀನಿ, ಒಂದ್ಸಲ ನೋಡ್ಕೊಂಡು ಹೋಗ್ತೀನಿ."

ಚಾಪೆಯಡಿ ಮಲಗಿದ್ದ ದೇಹ ಮರಕ್ಕೆ ಮುಖಮಾಡಿ ಬೋರಲಾಗಿತ್ತು. ಎರಡು ಕೈಗಳೂ ಮುಂದಕ್ಕೆ ಚಾಚಿದ್ದವು. ಏಟು ಬಿದ್ದದ್ದು ನೆತ್ತಿಯ ಹಿಂದೆ, ಅಗಲವಾಗಿ, ಗುಂಡಗೆ. ಗಂಗರತ್ನಮ್ಮ ಅದನ್ನು ನೋಡಿದಷ್ಟೇ ಹೊತ್ತು ಪಕ್ಕದಲ್ಲಿದ್ದ ಕೊಡಲಿಯನ್ನೂ ನೋಡಿದರು. ಅದು ಸತ್ತವನದೇ ಕೊಡಲಿ. ಹಿಂಭಾಗ ಒಣಗಿತ್ತು, ಶುಭ್ರವಾಗಿತ್ತು. ಕಾವಿಗೆ ಅರಿಶಿನ-ಕುಂಕುಮ ಹಚ್ಚಿತ್ತು.

ಮರದ ಬುಡದಲ್ಲಿ ಎರಡು ಹೋಳು ತೆಂಗಿನಕಾಯಿ, ಉರಿದು ನಂದಿದ ಕರ್ಪೂರ. ಕಾಂಡದ ಮೇಲೆ ಮೂರು ಬೆರಳಿನ ಕುಂಕುಮ, ಅದರ ಕೆಳಗೆ ಒಂದೇ ಒಂದು ಹಸಿ ಕೊಡಲಿ ಗಾಯ. ಆ ಗಾಯದಿಂದ ಹಾರಿದ ಚಕ್ಕೆಗಳು ಕೆಳಗೆ ಒಂದು ಕಡೆ ಬಿದ್ದಿದ್ದವು. ಇಡೀ ಹಿತ್ತಿಲಲ್ಲಿ ಎಲೆ ಕಸ ಮೊಣಕಾಲುದ್ದ ಇದ್ದರೂ ಆ ಮೊರದಗಲ ಜಾಗ ಮಾತ್ರ ಗುಡಿಸಿ ಸಾರಿಸಿದಂತಿತ್ತು. ಅಲ್ಲಿ ಯಾರೋ ಹಾಲು ಸುರಿದಿದ್ದರು. ಚಕ್ಕೆಗಳು ಹಾಲಲ್ಲಿ ನೆಂದು ಬೆಳ್ಳಗಾಗಿ ಇರುವೆ ಮುತ್ತಿಕೊಂಡಿದ್ದವು.

"ನಾಗಪ್ಪನಿಗೆ ಹಾಕೋ ಹಾಲು ಇರ್ಬೇಕಮ್ಮ," ಎಂದ ನಬೀ ಸಾಬ. ಗಂಗರತ್ನಮ್ಮ ತಲೆಯೆತ್ತಿ ಅವನನ್ನು ನೋಡಿದರು. ಏಳು ಊರಿನ ಬಾಯಿ ಮುಚ್ಚಿಸಬಲ್ಲ ನಬೀ ಸಾಬ ಮುಖ ತಿರುಗಿಸಿ ಆಚೆಯ ಬಾವಿಯನ್ನು ನೋಡತೊಡಗಿದ.

ಹಿಂದಿನ ಜಗಲಿಯಲ್ಲಿ ಸತ್ತವನ ಹೆಂಡತಿ ಅನಸೂಯಮ್ಮ ಕಂಬಕ್ಕೊರಗಿ ಕೂತಿದ್ದಳು. ಮಕ್ಕಳಿಲ್ಲದ ಮನೆ. ಕಣ್ಣಲ್ಲಿ ನೀರಿರಲಿಲ್ಲ. ಸತ್ತವನ ತಮ್ಮ ಅಶ್ವತ್ಥಪ್ಪ ಅವಳಿಂದ ದೂರ ನಿಂತು ಬೀಡಿ ಎಳೆಯುತ್ತಿದ್ದ. ಹೋಳೂರಿನಿಂದ ಹಿಂದಿನ ದಿನವೇ ಬಂದಿದ್ದ. ಮರ ತೆಗೆದು ಹಿತ್ತಿಲಲ್ಲಿ ಎರಡು ಬಾಡಿಗೆ ಮನೆ ಕಟ್ಟೋಣವೆಂದು ಅಣ್ಣನಿಗೆ ಐದು ವರ್ಷದಿಂದ ದುಂಬಾಲು ಬಿದ್ದವನು.

"ರಾತ್ರಿ ನೀನೆಲ್ಲಿ ಮಲಗಿದ್ದೆಯಪ್ಪ?"

"ಮುಂದಿನ ಪಡಸಾಲೇಲಿ. ಅತ್ತಿಗೆ ಕಿರುಚಿದ ಮೇಲೇ ಎಚ್ಚರ ಆಗಿದ್ದು. ನನ್ನ ಮೇಲೇನಾ ಅನುಮಾನ? ಏಮಮ್ಮಾ ಇದು!"

"ಕೇಳ್ದೆ ಅಷ್ಟೆ. ಅನಸೂಯಾ, ನೀನು?"

"ಸೊಣ್ಣಪ್ಪನ ಸದ್ದು ಕೇಳಿ ಎದ್ದು ಬಂದೆ. ಅದಕ್ಕೂ ಮುಂಚೆ ಬಾಗಿಲು ತೆಗೆದಿಲ್ಲ."

ಜಗಲಿಯ ಮೂಲೆಯಲ್ಲಿ ಒರಳುಕಲ್ಲಿತ್ತು. ಅದರ ಗುಳಿಯಲ್ಲಿ ಹಿಂದಿನ ದಿನದ ಹಿಟ್ಟು ಒಣಗಿ ಬಿರುಕುಬಿಟ್ಟಿತ್ತು. ಗುಳಿಯೊಳಗೆ ನಿಂತಿದ್ದ ಗುಂಡು ಮಾತ್ರ ಉಜ್ಜಿ ತೊಳೆದು ಲಕಲಕ ಅನ್ನುತ್ತಿತ್ತು. ಗಂಗರತ್ನಮ್ಮ ಗುಂಡಿನ ತಳಕ್ಕೆ ಬೆರಳಿಟ್ಟರು. ಒದ್ದೆ.

ಆಕೆ ಸೆರಗಿಗೆ ಬೆರಳು ಒರೆಸಿಕೊಂಡು, ಅಲ್ಲೇ ಸ್ವಲ್ಪ ಹೊತ್ತು ನಿಂತರು. ಎಷ್ಟೋ ಮನೆಗಳಲ್ಲಿ ಮಗು ಉಳಿಯುವುದಿಲ್ಲವೆಂದು ಹೇಳಲು ಹೊರಗೆ ಬರುವ ಮುಂಚೆ ಹೀಗೇ ನಿಲ್ಲುತ್ತಿದ್ದರು.

"ಸುಬ್ಬರಾಯಪ್ಪ, ಸೊಣ್ಣಪ್ಪನ್ನ ಜೀಪಿಂದ ಇಳಿಸು. ಎಲ್ಲರೂ ಮರದ ಹತ್ರ ಬರ್ಲಿ."

* * *

ಕೈಗೆ ಕೋಳ ಹಾಕಿದ ಸೊಣ್ಣಪ್ಪ, ಅವನ ತೋಳು ಬಿಡದ ಬೈರಮ್ಮ, ಅಶ್ವತ್ಥಪ್ಪ, ಅನಸೂಯಮ್ಮ, ಇನ್ಸ್‌ಪೆಕ್ಟರು, ಇಬ್ಬರು ಕಾನ್‌ಸ್ಟೇಬಲುಗಳು. ಗೋಡೆಯ ಮೇಲೆ ಅರ್ಧ ಊರು. ಉಳಿದರ್ಧ ಊರು ಗೋಡೆ ಹತ್ತಲು ಜಾಗವಿಲ್ಲದೆ ಬೀದಿಯಲ್ಲಿ.

"ಮೊದಲು ಸೊಣ್ಣಪ್ಪನ ಮಾತು," ಎಂದು ಶುರುಮಾಡಿದರು ಗಂಗರತ್ನಮ್ಮ. "ನಮ್ಮ ಕಡೆ ಹಸಿ ಮರ ತೆಗೆಯೋ ಮುಂಚೆ ಏನ್ಮಾಡ್ತಾರೆ? ಮರಕ್ಕೂ ಕೊಡಲಿಗೂ ಅರಿಶಿನ-ಕುಂಕುಮ ಇಟ್ಟು, ಕಾಯಿ ಒಡೆದು, ಇದ್ರಲ್ಲಿ ವಾಸ ಇರೋ ಹಕ್ಕಿ ಪಕ್ಷಿ ದೈವ ಬೇರೆ ಕಡೆ ಹೋಗ್ಲಿ ಅಂತ ಕೈ ಮುಗೀತಾರೆ. ಆಮೇಲೆ ಮೊದಲನೇ ಏಟು ಯಾರು ಹಾಕ್ಬೇಕು, ಸೊಣ್ಣಪ್ಪ?"

"ಮರದ ಯಜಮಾನ್ರೇ ಹಾಕ್ಬೇಕಮ್ಮ. ಅವ್ರು ಹಾಕ್ದೆ ಕೂಲಿಯೋನೂ ಮುಟ್ಟಲ್ಲ."

"ಇನ್ಸ್‌ಪೆಕ್ಟರೇ, ಕಳ್ಳತನದಲ್ಲಿ ಕಡಿಯೋಕೆ ಬಂದೋನು ಶತ್ರು ಹಿತ್ತಿಲಲ್ಲಿ ಕರ್ಪೂರ ಹಚ್ತಾನಾ? ಹೊಡೆಯೋಕೆ ಬಂದೋನು ಕೊಡಲಿಗೆ ಕುಂಕುಮ ಇಡ್ತಾನಾ? ಮರದ ಮೇಲಿನ ಈ ಏಟು ಹಾಕಿದ್ದು ಕೋದಂಡರಾಮಪ್ಪನೇ. ಆ ಮಗು ಕಾಲು ಮುರಿದಾಗಿಂದ ಆತನ ಮನಸ್ಸು ಕರಗಿತ್ತು. ಏಟು ಹಾಕಿ, ಬಗ್ಗಿ ಮರಕ್ಕೆ ನಮಸ್ಕಾರ ಮಾಡಿದ್ದಾನೆ. ಹಾಗೆ ಬಗ್ಗಿದ್ದಾಗ ಹಿಂದಿಂದ ಏಟು ಬಿದ್ದಿದೆ. ಜಗಳ ಆಗಿದ್ರೆ ಯಾರಾದ್ರೂ ಬೆನ್ನು ಕೊಟ್ಟು ಬಗ್ತಾರಾ?"

ಇನ್ಸ್‌ಪೆಕ್ಟರ್ ಟೋಪಿ ತೆಗೆದ. "ಹಾಗಾದ್ರೆ ಕೊಡಲಿ?"

"ಕೊಡಲಿ ಆಗಿದ್ರೆ ಗಾಯಕ್ಕೆ ಮೂಲೆ ಇರ್ತಿತ್ತು. ಇದು ಗುಂಡಗಿದೆ. ಜಗಲೀಲಿ ಒರಳು ನೋಡಪ್ಪ. ಗುಳೀಲಿ ಹಿಟ್ಟು ಒಣಗಿದೆ, ಗುಂಡು ಮಾತ್ರ ತೊಳೆದಿದೆ. ರುಬ್ಬಿದ ಮೇಲೆ ಎರಡನ್ನೂ ತೊಳೀತಾರೆ, ಇಲ್ಲ ಎರಡನ್ನೂ ಬಿಡ್ತಾರೆ. ಗುಂಡೊಂದನ್ನೇ ಯಾರು ತೊಳೀತಾರೆ?"

ಅಶ್ವತ್ಥಪ್ಪನ ಬೀಡಿ ಕೆಳಗೆ ಬಿತ್ತು. ಗೋಡೆಯ ಮೇಲಿನ ಅರ್ಧ ಊರು ಅವನತ್ತ ತಿರುಗಿತು.

"ಅವನಲ್ಲ," ಎಂದರು ಗಂಗರತ್ನಮ್ಮ. "ಮರ ಹೋಗೋದು ಅವನಿಗೆ ಲಾಭ. ಅಣ್ಣ ಏಟು ಹಾಕಿದ್ರೆ ಅವನು ಕುಣೀತಿದ್ದ. ಇನ್ನೊಂದು ಮಾತು. ಗಂಡಸು ಕಲ್ಲು ಬಚ್ಚಿಡ್ಬೇಕಾದ್ರೆ ನಾಲ್ಕು ಮಾರಿನಲ್ಲಿ ಬಾವಿ ಇದೆ, ಎಸೀತಾನೆ. ತೊಳೆದು ಅದರ ಜಾಗದಲ್ಲೇ ಇಡೋದು, ನಾಳೆನೂ ಅದ್ರಲ್ಲೇ ರುಬ್ಬಬೇಕಾದ ಕೈ."

ಶ್ರೀನಿವಾಸಪುರದಿಂದ ಆಂಧ್ರದ ಗಡಿಯವರೆಗೆ ಒಂದು ಕಾಗೆಯೂ ಕೂಗಲಿಲ್ಲ.

"ಹಾಲು ದಿನಾ ಹಾಕೋದು ನೀನೇ ಅಲ್ವಾ ಅನಸೂಯಾ? ಇವತ್ತಿನ ಹಾಲು ಚಕ್ಕೆ ಕೆಳಗಿಲ್ಲ, ಚಕ್ಕೆ ಮೇಲಿದೆ. ಮರಕ್ಕೆ ಏಟು ಬಿದ್ದಾದ ಮೇಲೆ ಹಾಲು ಬಿದ್ದಿದೆ. ಸೊಣ್ಣಪ್ಪ ಬಂದ ಮೇಲೆ ಇಲ್ಲಿ ಜನ, ಪೊಲೀಸು. ಹಾಲು ತರೋ ಹೊತ್ತೇ ಇರ್ಲಿಲ್ಲ. ಬಾಗಿಲು ತೆಗೆದಿಲ್ಲ ಅಂದೆಯಲ್ಲ ತಾಯಿ, ಗಂಡ ಮರಕ್ಕೆ ಏಟು ಹಾಕಿದ ಮೇಲೆ, ಸೊಣ್ಣಪ್ಪ ಬರೋ ಮುಂಚೆ ನೀನು ಇಲ್ಲಿಗೆ ಬಂದಿದ್ದೆ."

ಅನಸೂಯಮ್ಮ ಅಳಲಿಲ್ಲ, ಓಡಲಿಲ್ಲ. ಗುಡಿಸಿದ ಜಾಗದ ಪಕ್ಕಕ್ಕೆ ಬಂದು ಕೂತು, ಇರುವೆಗಳನ್ನು ಬೆರಳಿಂದ ಒಂದೊಂದಾಗಿ ಸರಿಸತೊಡಗಿದಳು.

"ಹನ್ನೆರಡು ವರ್ಷ ಕೋರ್ಟಿಗೆ ಹೋಗಿದ್ದು ಅವ್ರಲ್ಲ, ನಾನು," ಎಂದಳು. "ಅವ್ರು ಬರೀ ಸಹಿ ಹಾಕ್ತಿದ್ರು. ಇದು ಬರೀ ಮರ ಅಂತ ನೀವೆಲ್ಲ ಅಂದ್ಕೊಂಡಿದ್ದೀರಿ. ಇಪ್ಪತ್ತೆರಡು ವರ್ಷದ ಹಿಂದೆ ನನ್ನ ಮಗ ಮೂರು ದಿನ ಬದುಕಿದ್ದ. ಅಷ್ಟು ಚಿಕ್ಕದನ್ನ ಸುಡಲ್ವಲ್ಲ, ಈ ಬುಡದಲ್ಲಿ ಹೂತ್ರು. ನನ್ನ ಮಗ ಇಲ್ಲಿದ್ದಾನೆ. ಬೇರು ಕಿತ್ರೆ ಅವನೂ ಮೇಲೆ ಬರ್ತಾನೆ."

"ಗಂಡನಿಗೆ ಹೇಳಲಿಲ್ಲವೇನಮ್ಮ?" ಇನ್ಸ್‌ಪೆಕ್ಟರ್ ಕೇಳಿದ.

"ಹೇಳ್ದೆ. ಹಾಲು ಹಿಡ್ಕೊಂಡು ಬಂದೆ, ಕೊಡಲಿ ಏಟು ಕಂಡೆ, ಕಾಲು ಹಿಡ್ಕೊಂಡೆ. ಏನಂದ್ರು ಗೊತ್ತಾ? 'ಅನಸೂಯಾ, ಮಗು ಇಲ್ಲಿಲ್ಲ ಕಣೇ. ಅವತ್ತು ಕೆರೆ ಏರಿ ಆಚೆ ಇಟ್ಟು ಬಂದ್ವಿ. ನಿನಗೆ ಸಮಾಧಾನ ಆಗ್ಲಿ ಅಂತ ಸುಳ್ಳು ಹೇಳಿದ್ದೆ.' ಒಂದು ಮರ ಕಡಿಯೋಕೆ, ಸತ್ತ ಮಗೂನೇ ಇಲ್ಲ ಅನ್ನಿಸಿಬಿಟ್ರಲ್ಲ! ಹಾಲು ಹಾಕ್ದೆ, ಒಳಗೆ ಹೋದೆ. ವಾಪಸ್ ಬಂದಾಗ ಬಗ್ಗಿದ್ರು."

ಆಮೇಲೆ ಅವಳು ತಲೆಯೆತ್ತಿ ಗಂಗರತ್ನಮ್ಮನನ್ನು ನೋಡಿದಳು. ಆಗಲೇ ಮೊದಲ ಬಾರಿ ಅವಳ ದನಿ ನಡುಗಿದ್ದು.

"ನೀವಿದ್ರಲ್ಲ ನರ್ಸಮ್ಮ ಅವತ್ತು. ನನಗೆ ಕೊನೇ ಸಲ ಅವನ ಮುಖಾನೂ ತೋರಿಸ್ಲಿಲ್ಲ. ನೀವು ಸುಳ್ಳು ಹೇಳೋರಲ್ಲ. ಹೇಳಿ, ನನ್ನ ಮಗ ಇಲ್ಲೇ ಇದ್ದಾನೆ ತಾನೆ?"

ನಬೀ ಸಾಬನಿಗೆ ಎಲ್ಲ ನೆನಪಿತ್ತು. ಅವತ್ತಿನ ಸಂಜೆ ಮಳೆ ಹೊಡೆಯುತ್ತಿತ್ತು. ಮರದ ಬುಡ ಅಗೆದರೆ ಬೇರು, ಬೇರಿನ ಕೆಳಗೆ ನೀರು; ಮೂರು ಕಡೆ ಅಗೆದರೂ ಗುಣಿ ಕೆರೆಯಂತೆ ತುಂಬಿತು. ಕೊನೆಗೆ ಬಿಳಿ ಬಟ್ಟೆಯ ಗಂಟನ್ನು ಕೋದಂಡರಾಮಪ್ಪ ಮಡಿಲಲ್ಲಿಟ್ಟುಕೊಂಡು ಇದೇ ಜಟಕಾದಲ್ಲಿ ಕೂತ. ಕೆರೆ ಏರಿಯ ಆಚೆ ಒಣನೆಲದಲ್ಲಿ ಗುಣಿ ತೋಡಿದವನು ನಬೀ ಸಾಬನೇ. ಲಾಟೀನು ಹಿಡಿದು ನಿಂತವರು ಗಂಗರತ್ನಮ್ಮ. "ಅವಳು ಕಿಟಕಿಯಿಂದ ಮರಾನೇ ನೋಡ್ತಾ ಮಲಗಿದ್ದಾಳೆ, ಅಲ್ಲೇ ಅಂತ ಹೇಳ್ತೀನಿ, ನೀವೂ ಬಾಯಿ ಬಿಡ್ಬೇಡಿ," ಎಂದು ಆತ ಇಬ್ಬರ ಕೈಯನ್ನೂ ಹಿಡಿದುಕೊಂಡಿದ್ದ.

ಗಂಗರತ್ನಮ್ಮ ಮಂಡಿಯೂರಿ ಅನಸೂಯಮ್ಮನ ಕೆನ್ನೆ ಮುಟ್ಟಿದರು.

"ಇಲ್ಲೇ ಇದ್ದಾನೆ ತಾಯಿ. ನಾನೇ ನೋಡಿದ್ದೀನಿ."

ಅನಸೂಯಮ್ಮ ಉಸಿರು ಬಿಟ್ಟು, ತಾನಾಗಿಯೇ ಎದ್ದು ಜೀಪಿನ ಕಡೆ ನಡೆದಳು. ಕೋಳ ಬಿಚ್ಚಿಸಿಕೊಂಡ ಸೊಣ್ಣಪ್ಪ ಕೈ ಉಜ್ಜಿಕೊಳ್ಳುತ್ತಾ ಮರದ ತಲೆಯನ್ನೇ ನೋಡಿದ. "ನನಗೆ ಗೊತ್ತಿರ್ಲಿಲ್ಲ," ಎಂದ. "ಗೊತ್ತಿದ್ದಿದ್ರೆ ಕೋರ್ಟಿಗೇ ಹೋಗ್ತಿರ್ಲಿಲ್ಲ. ಇರ್ಲಿ ಬಿಡಮ್ಮ, ಇದನ್ನ ನಾನೂ ಮುಟ್ಟಲ್ಲ, ಬೇರೆಯೋರನ್ನೂ ಮುಟ್ಟಗೊಡಲ್ಲ. ಮಕ್ಕಳನ್ನ ಮುಂದಿನ ಕೋಣೇಲಿ ಮಲಗಿಸ್ತೀನಿ." ಬೈರಮ್ಮ ಅವನ ಭುಜಕ್ಕೆ ಮುಖವಿಟ್ಟು ಅತ್ತಳು.

* * *

ಜಟಕಾ ಮನೆಯ ದಾರಿ ಹಿಡಿಯಲಿಲ್ಲ. "ಕೆರೆ ಕಡೆ ಹೊಡಿ," ಎಂದಷ್ಟೇ ಹೇಳಿದ್ದರು ಗಂಗರತ್ನಮ್ಮ.

ಏರಿಯ ಆಚೆ ಈಗ ಒಣನೆಲವಿರಲಿಲ್ಲ. ಯಾರೋ ಬಾವಿ ತೋಡಿಸಿ ಹಿಪ್ಪುನೇರಳೆ ಹಾಕಿದ್ದರು. ಎದೆಯುದ್ದದ ಹಸಿರು, ಸಾಲಿಗೆ ಸಾಲು ಒಂದೇ ಥರ. ಆಕೆ ಇಳಿದು ಬದುವಿನ ಮೇಲೆ ನಿಂತರು.

"ಇಪ್ಪತ್ತೆರಡು ವರ್ಷ ಅವಳಿಗೆ ನಿಜ ಹೇಳೋಕೆ ನನಗೆ ಹೊತ್ತಿತ್ತು ನಬೀ. ಇವತ್ತು ಹೇಳಿದ್ರೆ ಏನಾಗ್ತಿತ್ತು? ನಿಜ ಹೇಳಿದ ಗಂಡನ್ನ ಕೊಂದೆ ಅಂತ ಗೊತ್ತಾಗ್ತಿತ್ತು."

ನಬೀ ಸಾಬ ಲಗಾಮನ್ನು ಗಾಡಿಗೆ ಸಿಕ್ಕಿಸಿ ಬದುವಿಗೆ ಬಂದ.

"ಎಲ್ಲಿ ಅದು? ಯಾವ ಸಾಲು?"

ಅವನು ಬದುವಿನ ಉದ್ದಕ್ಕೂ ನಡೆದ, ತಿರುಗಿ ಬಂದ, ಸೊಪ್ಪು ಸರಿಸಿ ಮಣ್ಣು ನೋಡಿದ. ಮತ್ತೊಂದು ಸಾಲು ನೋಡಿದ.

"ಗೊತ್ತಾಗ್ತಿಲ್ಲಮ್ಮ," ಎಂದ.