ಹಿಮಕ್ಕೆ ಮಾಡಿದ ಚೌಕಟ್ಟು

"ಓಹೋ! ಯಾರಪ್ಪಾ ಇದು, ಮಹಾರಾಣಿಯವರು! ದಾರಿ ತಪ್ಪಿ ಬಂದ್ರಾ?"

ಎಲ್ದಿಯಾರನಿಗೆ ಹೊಟ್ಟೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಬಿಷ್ಕೆಕ್‌ನ ಓಕ್ ಪಾರ್ಕಿನಲ್ಲಿ ಅವನದೊಂದು ಚಿತ್ರದಂಗಡಿ. ಓಡುವ ಕುದುರೆ, ನಿಂತ ಕುದುರೆ, ಸರೋವರದಲ್ಲಿ ನೀರು ಕುಡಿಯುವ ಕುದುರೆ. ಪ್ರವಾಸಿಗಳಿಗೆ ಇಷ್ಟು ಧಾರಾಳವಾಯಿತು ಎಂದು ಸಲ್ಕಿನ್ ಮೂಗು ಮುರಿದಳು.

"ನಿನ್ನ ಮುಖ ನೋಡೋಕೆ ಬಂದಿಲ್ಲ. ಚಿತ್ರಕ್ಕೆ ಗಾಜು ಹಾಕಿಸ್ಬೇಕು. ಊರಲ್ಲಿ ನೆಟ್ಟಗೆ ಫ್ರೇಮ್ ಹಾಕೋನು ನೀನೊಬ್ನೇ ಅಂತೆ. ನನ್ನ ಗ್ರಹಚಾರ."

ಅವನ ಕಣ್ಣು ಅವಳ ಬೆರಳುಗಳ ಮೇಲೆ ನಿಂತಿತು. ಉಗುರಿನ ಸಂದಿಯಲ್ಲಿ ನೀಲಿ ಪುಡಿ. ಅವಳು ಕೈ ಹಿಂದಕ್ಕೆಳೆದುಕೊಂಡಳು.

"ಪ್ಯಾಸ್ಟೆಲ್ಲಾ? ಮತ್ತೆ ಹಿಡಿದ್ಯಾ?" ಅವನ ದನಿ ತಗ್ಗಿತು.

ಬಿಟ್ಟಿದ್ದು ಯಾರಿಂದ ಮತ್ತೆ? ಕಲಾಶಾಲೆಯ ಕೊನೆಯ ಪರೀಕ್ಷೆಗೆ ಅವಳು ಪ್ಯಾಸ್ಟೆಲ್ ಬಳಪದಲ್ಲಿ ಬೆಟ್ಟದ ಹಿಮ ಬರೆದಿದ್ದಳು. ಪುಡಿ ಉದುರದಿರಲೆಂದು ಆಗ ಎಲ್ಲರೂ ಒಂದಿಷ್ಟು ಹೇರ್ ಸ್ಪ್ರೇ ಹೊಡೆಯುತ್ತಿದ್ದರು. ಈ ಮಹಾನುಭಾವ ಸಹಾಯ ಮಾಡುತ್ತೇನೆಂದು ಹೇಳದೆ ಕೇಳದೆ ಡಬ್ಬಿ ಪೂರ್ತಿ ಸುರಿದ. ಹಿಮವೆಲ್ಲ ಪಾತ್ರೆ ತೊಳೆದ ನೀರಿನ ಬಣ್ಣಕ್ಕೆ ತಿರುಗಿತು. ಅಂದು ಬಣ್ಣದ ಪೆಟ್ಟಿಗೆ ಮುಚ್ಚಿದವಳು ಹನ್ನೆರಡು ವರ್ಷ ತೆಗೆಯಲಿಲ್ಲ. ಅಂಥವನನ್ನು ಆಗ ಪ್ರೀತಿಸುತ್ತಿದ್ದಳಲ್ಲ, ಆ ಹೊಟ್ಟೆಯುರಿ ಬೇರೆ.

ಈಗ ಮತ್ತೆ ಕೂತರೆ ಬೆರಳು ಮಾತು ಕೇಳುತ್ತಿರಲಿಲ್ಲ. ಹಾಳೆಗಳೆಲ್ಲ ಒಲೆಗೆ ಹೋಗಿ ಇದೊಂದು ಉಳಿದಿತ್ತು. ಎಲ್ದಿಯಾರ್ ಬಾಯಿಬಡುಕನಾದರೂ ಚಿತ್ರದ ವಿಷಯದಲ್ಲಿ ಸುಳ್ಳು ಹೇಳುವವನಲ್ಲ. ಇವನು ನಕ್ಕರೆ ಪೆಟ್ಟಿಗೆಯೂ ಒಲೆಗೇ ಎಂದು ನಿಶ್ಚಯಿಸಿಯೇ ಬಂದಿದ್ದಳು.

"ತೋರ್ಸು."

"ಕೊರುಂದುಕ್ ಎಲ್ಲಿ?"

ಹೊಸ ಕರುವಾಗಲಿ, ಹೊಸ ಸೊಸೆಯಾಗಲಿ, ಮೊದಲ ಸಲ ಬರಿಗೈಯಲ್ಲಿ ನೋಡಬಾರದು, ಕೊರುಂದುಕ್ ಎಂದು ಏನಾದರೂ ಕಾಣಿಕೆ ಕೊಡಬೇಕು. ಅವನು ಜೇಬು ತಡಕಿ ಒಣಮೊಸರಿನ ಉಂಡೆಯೊಂದನ್ನು ತೆಗೆದ. "ಇದಾಗುತ್ತಾ?"

"ನಾಯಿಗೆ ಹಾಕು."

ಅವನು ಪೆಚ್ಚಾಗಿ ಅಂಗಡಿಯೊಳಗೆ ಹೋಗಿ, ಅಕ್ರೋಟು ಮರದ ಖಾಲಿ ಚೌಕಟ್ಟೊಂದನ್ನು ಧೂಳು ಒರೆಸುತ್ತ ತಂದ. ಪುಡಿಗೆ ಗಾಜು ತಾಗದಂತೆ ಒಳಗೆ ಸಣ್ಣ ಪಟ್ಟಿಯನ್ನೂ ಕೂರಿಸಿದ್ದ.

"ಯಾರಿಗೆ ಮಾಡಿದ್ದು?"

"ನಿನ್ನ ಹಿಮಕ್ಕೆ. ಪರೀಕ್ಷೆ ದಿನ ಕೊಡೋಣ ಅಂತಿದ್ದೆ. ಆಮೇಲೆ ಮಾರೋಕೆ ಮನಸ್ಸು ಬರಲಿಲ್ಲ."

ಸಲ್ಕಿನ್ ಚಿತ್ರಕ್ಕೆ ಸುತ್ತಿದ್ದ ರಟ್ಟು ಬಿಚ್ಚಿದಳು. ಅದೇ ಬೆಟ್ಟ, ಅದೇ ಹಿಮ. ಅವನು ನೋಡುತ್ತಲೇ ನಿಂತ. ಅವಳು ಅವನ ತುಟಿಯನ್ನೇ ನೋಡಿದಳು. ಈಗ ನಗುತ್ತಾನೆ, ಈಗ ನಗುತ್ತಾನೆ.

"ಬಲಗಡೆ ಕಣಿವೆ ದರಿದ್ರವಾಗಿದೆ."

"ಗೊತ್ತು."

"ಹಿಮ ಮಾತ್ರ..." ಅವನು ತೋಳಿನಿಂದ ಕಣ್ಣೊರೆಸಿಕೊಂಡ. "ಮುಟ್ಟಿದ್ರೆ ಕೈ ಕೊರೆಯುತ್ತೆ ಕಣೇ."

ಥೂ, ಕುದುರೆ ಮಾರುವವನು ಅಳುವುದು ಬೇರೆ! ಬೈಯಬೇಕೆಂದುಕೊಂಡವಳು ಚಿತ್ರವನ್ನು ಅವನತ್ತ ಸರಿಸಿದಳು. ಅವಳಿಗೆ ಅವನು ಈಗಲೂ ಬೇಕಾಗಿದ್ದ.

ಗಾಜು ಹಾಕಿ ಚಿತ್ರವನ್ನು ಚೌಕಟ್ಟಿಗೆ ಕೂರಿಸಿ ಅವನು ಮೆಲ್ಲಗೆ ಕೇಳಿದ, "ಇದು ಚಿತ್ರದ ಕೊರುಂದುಕ್ ಆಯ್ತು. ಬರೆದವಳನ್ನ ನೋಡೋಕೆ ಬರೋದಾದ್ರೆ ಏನು ತರಲಿ?"

"ನೀನೇನೂ ತರೋದು ಬೇಡ. ಭಾನುವಾರ ನಿಮ್ಮಮ್ಮನ್ನ ಕರ್ಕೊಂಡು ಬಾ. ಅವ್ರೇ ನನ್ನ ಕಿವಿಗೆ ಓಲೆ ಹಾಕಿ ಸಂಬಂಧ ಗಟ್ಟಿ ಮಾಡ್ಲಿ." ಚಿತ್ರವನ್ನೆತ್ತಿಕೊಂಡು ಹೊರಟವಳು ತಿರುಗಿ ನಿಂತಳು. "ಹೇರ್ ಸ್ಪ್ರೇ ಏನಾದ್ರೂ ತಂದ್ಯೋ, ಅಮ್ಮನ್ನ ಒಳಗೆ ಕರೀತೀನಿ, ನಿನ್ನ ಬಾಗಿಲಲ್ಲೇ ನಿಲ್ಲಿಸ್ತೀನಿ."